ಉಕ್ಕಿನ ಹದ

ಹಳ್ಳಿಯ ಕುಲುಮೆಯ ಮುಂದೆ ನಿಂತು ನೋಡುವುದೆಂದರೆ ಮಕ್ಕಳಿಗೆ ಎಂದೂ ಬೇಸರವಾಗದ ಕೆಲಸ. ತಿದಿಯ ಉಸಿರಿಗೆ ಇದ್ದಿಲು ನಿಗಿನಿಗಿಯೆಂದು ಉರಿಯುತ್ತಿರುತ್ತದೆ. ಇಕ್ಕಳದಲ್ಲಿ ಹಿಡಿದ ಕಬ್ಬಿಣದ ತುಂಡು ಮೊದಲು ಮಂಕಾಗಿ, ಬಳಿಕ ಕೆಂಡದಂತೆ ಕೆಂಪಗಾಗಿ, ಅಡಿಗಲ್ಲಿನ ಮೇಲೆ ಸುತ್ತಿಗೆಯ ಪೆಟ್ಟಿಗೆ ಬಾಗುತ್ತದೆ, ಚಪ್ಪಟೆಯಾಗುತ್ತದೆ, ಮೊನೆಗೊಳ್ಳುತ್ತದೆ. ನೋಡುವವರ ಕಣ್ಣು ಸಾಮಾನ್ಯವಾಗಿ ಹಾರುವ ಕಿಡಿಗಳ ಮೇಲೆಯೇ ಇರುತ್ತದೆ. ಆದರೆ ಕಮ್ಮಾರನ ಕುಶಲತೆಯ ಮುಖ್ಯ ಭಾಗವು ಅವನು ಸುತ್ತಿಗೆಯನ್ನು ಕೆಳಗಿಟ್ಟ ಮೇಲೆ ಮೊದಲಾಗುತ್ತದೆ.

ಕಲ್ಲುಕುಟಿಗನೊಬ್ಬನು ಮೊಂಡಾದ ಉಳಿಯನ್ನು ತಂದುಕೊಟ್ಟಿದ್ದಾನೆ ಎನ್ನಿ. ಕಮ್ಮಾರನು ಅದರ ಬಾಯನ್ನು ತಟ್ಟಿ ಚೂಪು ಮಾಡಿ, ಮತ್ತೊಮ್ಮೆ ಕೆಂಪಗೆ ಕಾಯಿಸಿ, ತುದಿಯ ಎರಡು ಬೆರಳಿನಷ್ಟು ಭಾಗವನ್ನು ಮಾತ್ರ ನೀರಿನಲ್ಲಿ ಅದ್ದುತ್ತಾನೆ. ಚುಯ್ಯೆಂಬ ಸದ್ದಿನೊಡನೆ ಹಬೆ ಏಳುತ್ತದೆ. ಉಳಿಯ ಹಿಂಭಾಗ ಇನ್ನೂ ಬಿಸಿಯಾಗಿಯೇ ಇರುತ್ತದೆ. ಅವನು ಅದನ್ನು ಹೊರತೆಗೆದು, ತುದಿಯನ್ನು ಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಕಣ್ಣು ಕದಲಿಸದೆ ನೋಡುತ್ತ ಕೂರುತ್ತಾನೆ. ಹಿಂಭಾಗದಲ್ಲಿ ಉಳಿದಿದ್ದ ಶಾಖವು ಮೆಲ್ಲನೆ ತುದಿಯ ಕಡೆಗೆ ಹರಿದುಬರುತ್ತದೆ. ಆ ಬೆಳ್ಳನೆಯ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಅದಕ್ಕೂ ಹಿಂದೆ ನೀಲಿ, ಹೀಗೆ ಬಣ್ಣಗಳ ಮೆರವಣಿಗೆಯೊಂದು ತುದಿಯತ್ತ ಸಾಗುತ್ತದೆ. ನೇರಳೆಯ ಬಣ್ಣವು ಬಾಯನ್ನು ಮುಟ್ಟಿದ ಕ್ಷಣದಲ್ಲಿ ಅವನು ಉಳಿಯನ್ನು ಪೂರ್ತಿಯಾಗಿ ನೀರಿಗೆ ಹಾಕಿಬಿಡುತ್ತಾನೆ. ತುಸು ಮೊದಲೇ ಹಾಕಿದ್ದರೆ ಮೊದಲ ಪೆಟ್ಟಿಗೇ ಬಾಯಿ ಚಕ್ಕೆಯೆದ್ದು ಹೋಗುತ್ತಿತ್ತು. ತುಸು ತಡವಾಗಿದ್ದರೆ ಕಲ್ಲಿಗೆ ತಾಗಿದೊಡನೆ ಮಡಿಚಿಕೊಳ್ಳುತ್ತಿತ್ತು.

ಇದನ್ನು ನಮ್ಮ ಜನ 'ಹದ' ಎಂದು ಕರೆಯುತ್ತಾರೆ. ಉಳುವ ಮಣ್ಣಿಗೆ ಹದವಿದೆ, ಬೆಲ್ಲದ ಪಾಕಕ್ಕೆ ಹದವಿದೆ, ಹಾಗೆಯೇ ಉಕ್ಕಿಗೂ ಒಂದು ಹದವಿದೆ. ಆದರೆ ಒಂದು ವಿಷಯವನ್ನು ಗಮನಿಸಿರಿ. ನೀರಿಗದ್ದುವ ಮೊದಲು ಇದ್ದ ಉಳಿಗೂ ಆಮೇಲಿನ ಉಳಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದಕ್ಕೆ ಏನನ್ನೂ ಬೆರೆಸಲಿಲ್ಲ, ಅದರಿಂದ ಏನನ್ನೂ ತೆಗೆಯಲಿಲ್ಲ. ರಸಾಯನಶಾಸ್ತ್ರಜ್ಞನು ಅದನ್ನು ಕರಗಿಸಿ ವಿಶ್ಲೇಷಿಸಿದರೆ ಎರಡು ಸಲವೂ ಅಷ್ಟೇ ಕಬ್ಬಿಣ, ಅಷ್ಟೇ ಇಂಗಾಲ ದೊರೆಯುತ್ತವೆ. ಹಾಗಾದರೆ ಬದಲಾದುದು ಏನು? ಈ ಪ್ರಶ್ನೆಗೆ ಉತ್ತರ ದೊರೆಯಲು ಮನುಷ್ಯನು ಬಹಳ ಕಾಲ ಕಾಯಬೇಕಾಯಿತು. ಕೆಲಸವು ಕೈಗೆ ಬಂದದ್ದು ಎರಡು ಸಾವಿರ ವರ್ಷಗಳಿಗೂ ಹಿಂದೆ. ಕಾರಣವು ತಿಳಿದದ್ದು ಕಳೆದ ಒಂದೂವರೆ ಶತಮಾನದಲ್ಲಿ.

ಕಾರಣವನ್ನು ಅರಿಯುವ ಮೊದಲು ಸಂಗತಿಯನ್ನು ಕಣ್ಣಾರೆ ಕಾಣುವುದು ಒಳ್ಳೆಯದು. ಅದಕ್ಕೆ ಬಟ್ಟೆ ಹೊಲಿಯುವ ಮೂರು ದೊಡ್ಡ ಸೂಜಿಗಳು ಸಾಕು. ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿಯೇ ಇದನ್ನು ಮಾಡಬೇಕು. ಮುರಿಯುವ ಸೂಜಿಯ ಚೂರು ಕಣ್ಣಿಗೆ ಸಿಡಿಯದಂತೆ ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಬಾಗಿಸಬೇಕು. ಮೊದಲನೆಯ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಜ್ವಾಲೆಯಲ್ಲಿ ಚೆನ್ನಾಗಿ ಕೆಂಪಾಗುವವರೆಗೆ ಕಾಯಿಸಿ, ಜ್ವಾಲೆಯಿಂದ ಮೆಲ್ಲಮೆಲ್ಲನೆ ಮೇಲಕ್ಕೆ ಎತ್ತುತ್ತ ನಿಧಾನವಾಗಿ ಆರಿಸಿರಿ. ಅದು ತಂತಿಯಂತೆ ಬಾಗುತ್ತದೆ, ಬಾಗಿದಂತೆಯೇ ಉಳಿಯುತ್ತದೆ. ಎರಡನೆಯದನ್ನು ಹಾಗೆಯೇ ಕಾಯಿಸಿ, ಕೆಂಪು ಆರುವ ಮೊದಲೇ ತಣ್ಣೀರಿಗೆ ಬಿಡಿರಿ. ಅದನ್ನು ಬಾಗಿಸಲು ಹೋದರೆ ಗಾಜಿನ ಕಡ್ಡಿಯಂತೆ ಟಣ್ಣೆಂದು ಮುರಿಯುತ್ತದೆ. ಮೂರನೆಯದನ್ನೂ ಕಾಯಿಸಿ ನೀರಿಗೆ ಹಾಕಿ, ಒರೆಸಿ, ಉಜ್ಜಿ ಹೊಳಪು ಮಾಡಿ, ಮತ್ತೆ ಜ್ವಾಲೆಯ ಮೇಲೆ ದೂರದಲ್ಲಿ ಹಿಡಿದು, ಮೈ ನೀಲಿಯಾಗುವವರೆಗೆ ಮಾತ್ರ ಬಿಸಿಮಾಡಿರಿ. ಈ ಸೂಜಿಯು ಬಾಗುತ್ತದೆ. ಬಿಟ್ಟೊಡನೆ ಬಿಲ್ಲಿನಂತೆ ಹಿಂದಕ್ಕೆ ನೆಟ್ಟಗಾಗುತ್ತದೆ. ಒಂದೇ ಪೆಟ್ಟಿಗೆಯಿಂದ ತೆಗೆದ ಮೂರು ಸೂಜಿಗಳು ಮೂರು ಬೇರೆ ಲೋಹಗಳಂತೆ ವರ್ತಿಸಿದವು. ಇದೇ ಪ್ರಯೋಗವನ್ನು ಬಡಗಿಯ ಸಾಧಾರಣ ಮೊಳೆಯ ಮೇಲೆ ಮಾಡಿದರೆ ಹೆಚ್ಚಿನ ಬದಲಾವಣೆ ಕಾಣುವುದಿಲ್ಲ. ಮೊಳೆಯಲ್ಲಿ ಇಂಗಾಲ ತೀರ ಕಡಮೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿಂದ ರಷ್ಯಾ ದೇಶಕ್ಕೆ ಹೋಗೋಣ. 1860ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದ ಒಬುಖೋವ್ ಉಕ್ಕಿನ ಕಾರ್ಖಾನೆಯಲ್ಲಿ ದೊಡ್ಡ ಫಿರಂಗಿಗಳನ್ನು ತಯಾರಿಸುತ್ತಿದ್ದರು. ಅವುಗಳಲ್ಲಿ ಕೆಲವು ಪರೀಕ್ಷೆಯ ಗುಂಡುಗಳನ್ನು ನೂರಾರು ಸಲ ತಾಳಿಕೊಳ್ಳುತ್ತಿದ್ದವು. ಅದೇ ಉಕ್ಕಿನಿಂದ, ಅದೇ ಕೈಗಳಿಂದ ತಯಾರಾದ ಮತ್ತೆ ಕೆಲವು ಪರೀಕ್ಷೆಯಲ್ಲಿಯೇ ಸಿಡಿದು ಚೂರಾಗುತ್ತಿದ್ದವು. ಸಿಡಿಯುವ ಫಿರಂಗಿಯು ಶತ್ರುವಿಗಿಂತ ಮೊದಲು ತನ್ನ ಪಕ್ಕದಲ್ಲಿ ನಿಂತ ಸೈನಿಕನನ್ನು ಕೊಲ್ಲುತ್ತದೆ. ಉಕ್ಕನ್ನು ವಿಶ್ಲೇಷಿಸಿ ನೋಡಿದರೆ ಎರಡರಲ್ಲಿಯೂ ಭೇದ ಕಾಣುತ್ತಿರಲಿಲ್ಲ. 1866ರಲ್ಲಿ ಈ ಕಾರ್ಖಾನೆಯ ಕೆಲಸಕ್ಕೆ ಸೇರಿದ ದ್ಮಿತ್ರಿ ಚೆರ್ನೋವ್ ಎಂಬ ತರುಣ ಇಂಜಿನಿಯರನು ಒಡೆದ ಫಿರಂಗಿಗಳ ಮುರಿದ ಮೈಯನ್ನು ನೋಡುತ್ತ ಹೋದನು. ಸಿಡಿದುಹೋದವುಗಳ ಒಡಲು ಕಲ್ಲುಸಕ್ಕರೆಯಂತೆ ದಪ್ಪ ಹರಳು ಹರಳಾಗಿತ್ತು. ಗಟ್ಟಿಯಾದವುಗಳ ಒಡಲು ನಯವಾದ ಸಣ್ಣ ಕಣಗಳಿಂದ ಕೂಡಿತ್ತು.

ಇಷ್ಟು ತಿಳಿದಮೇಲೆ ಉಕ್ಕನ್ನು ಎಷ್ಟು ಕಾಯಿಸಿದರೆ ಹರಳು ಹೇಗೆ ಬದಲಾಗುತ್ತದೆ ಎಂಬುದನ್ನು ಅವನು ಪರೀಕ್ಷಿಸತೊಡಗಿದನು. ಆಗ ಕುಲುಮೆಯ ಉಷ್ಣತೆಯನ್ನು ಅಳೆಯಲು ನಂಬಬಹುದಾದ ಉಪಕರಣವಿರಲಿಲ್ಲ. ಕಮ್ಮಾರನಂತೆ ಅವನೂ ಕಾದ ಲೋಹದ ಬಣ್ಣವನ್ನು ಕಣ್ಣಿನಿಂದಲೇ ಅಳೆದನು. (ಕುಲುಮೆಯ ಒಳಗೆ ಏಕೆ ಮಬ್ಬುಗತ್ತಲೆಯಿರುತ್ತದೆ ಎಂದು ನೀವು ಯೋಚಿಸಿರಬಹುದು. ಬಡತನ ಮಾತ್ರವೇ ಅದಕ್ಕೆ ಕಾರಣವಲ್ಲ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.) ತಾನು ಕಂಡುದನ್ನು ಚೆರ್ನೋವನು 1868ರಲ್ಲಿ ಪ್ರಕಟಿಸಿದನು. ಕಾಯುತ್ತಿರುವ ಉಕ್ಕಿನಲ್ಲಿ ಒಂದು ಗೊತ್ತಾದ ಬಿಂದುವಿದೆ. ಆ ಬಿಂದುವನ್ನು ದಾಟದಿದ್ದರೆ ಎಷ್ಟೇ ಬೇಗ ನೀರಿಗದ್ದಿದರೂ ಉಕ್ಕು ಕಠಿಣವಾಗುವುದಿಲ್ಲ. ಅದಕ್ಕೂ ಮೇಲೆ ಇನ್ನೊಂದು ಬಿಂದುವಿದೆ. ಅಲ್ಲಿಗೆ ತಲುಪಿದಾಗ ಹಳೆಯ ದಪ್ಪ ಹರಳುಗಳು ಅಳಿದು ಹೊಸ ನಯವಾದ ಕಣಗಳು ಹುಟ್ಟುತ್ತವೆ. ಸರಿಯಾದ ಮಟ್ಟಕ್ಕೆ ಕಾಯಿಸಿ, ಅದನ್ನು ಮೀರದೆ ಆರಿಸಿದರೆ ಫಿರಂಗಿಯು ಸಿಡಿಯುವುದಿಲ್ಲ. ಅಂದಿನಿಂದ ಹದ ಎಂಬುದು ಶಾಸ್ತ್ರದ ವಿಷಯವಾಯಿತು.

ಇದೇ ಸುಮಾರಿಗೆ, 1863–64ರಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆನ್ರಿ ಸಾರ್ಬಿ ಎಂಬುವನು ಉಕ್ಕಿನ ತುಂಡನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಲಘುವಾಗಿ ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದನು. ಅಲ್ಲಿಯವರೆಗೆ ಕಲ್ಲುಗಳನ್ನು ಹಾಗೆ ನೋಡುತ್ತಿದ್ದವನು ಅವನು. ಒಂದೇ ಸಮನಾಗಿ ಕಾಣುವ ಉಕ್ಕಿನ ಒಡಲಲ್ಲಿ ಪದರು ಪದರಾದ ಒಂದು ರಚನೆಯಿತ್ತು; ಅದು ಮುತ್ತಿನ ಚಿಪ್ಪಿನ ಒಳಮೈಯಂತೆ ಮಿನುಗುತ್ತಿತ್ತು. ಆದುದರಿಂದಲೇ ಅದಕ್ಕೆ ಮುಂದೆ ಪರ್ಲೈಟ್ ಎಂಬ ಹೆಸರು ಬಂದಿತು. ನೀರಿಗದ್ದಿದ ಉಕ್ಕಿನಲ್ಲಿ ಈ ಪದರುಗಳ ಬದಲು ಸೂಜಿಗಳ ರಾಶಿಯಂಥ ಬೇರೊಂದು ರಚನೆ ಕಂಡಿತು. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಎಂಬ ವಿದ್ವಾಂಸನ ಗೌರವಾರ್ಥವಾಗಿ ಅದನ್ನು ಮಾರ್ಟೆನ್ಸೈಟ್ ಎಂದು ಕರೆದರು.

ಈಗ ಒಳಗೆ ನಡೆಯುವುದೇನು ಎಂಬುದನ್ನು ನೋಡೋಣ. ಕಬ್ಬಿಣದ ಪರಮಾಣುಗಳು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ; ಕಟ್ಟಡದ ಇಟ್ಟಿಗೆಗಳಂತೆ ಕ್ರಮವಾಗಿ ಜೋಡಿಸಿಕೊಂಡಿರುತ್ತವೆ. ತಣ್ಣಗಿನ ಕಬ್ಬಿಣದಲ್ಲಿ ಒಂದು ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು ಪರಮಾಣು, ನಡುವೆ ಮತ್ತೊಂದು. ಚೆನ್ನಾಗಿ ಕಾಯಿಸಿದಾಗ ಈ ಜೋಡಣೆ ಬದಲಾಗಿ, ಎಂಟು ಮೂಲೆಗಳ ಜೊತೆಗೆ ಆರು ಮುಖಗಳ ಮಧ್ಯದಲ್ಲಿ ಒಂದೊಂದು ಪರಮಾಣು ಬಂದು ನಿಲ್ಲುತ್ತದೆ. ಗಮನಿಸಿರಿ, ಕಬ್ಬಿಣವಿನ್ನೂ ಕರಗಿಲ್ಲ. ಗಟ್ಟಿಯಾಗಿದ್ದುಕೊಂಡೇ ಅದು ತನ್ನ ಒಳಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಉಕ್ಕಿನಲ್ಲಿ ಈ ಬದಲಾವಣೆ ಸುಮಾರು 727 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲಾಗುತ್ತದೆ. ಚೆರ್ನೋವನು ಕಣ್ಣಿನಿಂದ ಗುರುತಿಸಿದ ಮೊದಲನೆಯ ಬಿಂದು ಇದೇ.

ಇಂಗಾಲದ ಪರಮಾಣುಗಳು ಚಿಕ್ಕವು. ಅವು ಕಬ್ಬಿಣದ ಪರಮಾಣುಗಳ ನಡುವಣ ಸಂದುಗಳಲ್ಲಿ ತೂರಿಕೊಳ್ಳುತ್ತವೆ. ಕಾದ ಕಬ್ಬಿಣದ ಹೊಸ ಜೋಡಣೆಯಲ್ಲಿ ಈ ಸಂದುಗಳು ದೊಡ್ಡವು. ಅಲ್ಲಿ ನೂರಕ್ಕೆ ಎರಡು ಪಾಲಿನವರೆಗೂ ಇಂಗಾಲವು ನೀರಿನಲ್ಲಿ ಸಕ್ಕರೆ ಕರಗಿದಂತೆ ಕರಗಿರಬಲ್ಲದು. ತಣ್ಣನೆಯ ಜೋಡಣೆಯಲ್ಲಿ ಅದಕ್ಕೆ ಎಡೆಯೇ ಇಲ್ಲವೆನ್ನಬೇಕು. ಸಾವಿರದಲ್ಲಿ ಒಂದು ಪಾಲೂ ಹಿಡಿಸುವುದಿಲ್ಲ. ಹೀಗಿರುವಾಗ ಕಾದ ಉಕ್ಕು ಆರತೊಡಗಿದರೆ ಇಂಗಾಲದ ಗತಿಯೇನು? ನಿಧಾನವಾಗಿ ಆರಿದರೆ ಇಂಗಾಲಕ್ಕೆ ಹೊರಬರಲು ಸಮಯ ದೊರೆಯುತ್ತದೆ. ಅದು ಕಬ್ಬಿಣದೊಡನೆ ಕೂಡಿ, ಕಠಿಣವಾದ ಒಂದು ಸಂಯುಕ್ತದ ಪದರಾಗಿ ಬೇರೆ ನಿಲ್ಲುತ್ತದೆ. ಪಕ್ಕದಲ್ಲಿ ಮೆದುವಾದ ಕಬ್ಬಿಣದ ಪದರು. ಸಾರ್ಬಿಯು ಕಂಡ ಮುತ್ತಿನ ಮಿನುಗು ಈ ಪದರುಗಳದೇ. ಮೊದಲನೆಯ ಸೂಜಿ ಬಾಗಿದ್ದು ಇದರಿಂದಲೇ.

ನೀರಿಗದ್ದಿದಾಗ ಈ ಸಮಯ ದೊರೆಯುವುದಿಲ್ಲ. ಜೋಡಣೆಯು ಹಠಾತ್ತನೆ ಹಿಂದಿನ ರೂಪಕ್ಕೆ ಮರಳಲು ಹೋಗುತ್ತದೆ. ಇಂಗಾಲವು ಒಳಗೆಯೇ ಸಿಕ್ಕಿಬೀಳುತ್ತದೆ. ಘನಾಕೃತಿಯು ಘನವಾಗಿ ಉಳಿಯಲಾರದೆ ಒಂದು ದಿಕ್ಕಿಗೆ ಎಳೆದಂತೆ ನೀಳವಾಗುತ್ತದೆ. ಇದೇ ಮಾರ್ಟೆನ್ಸೈಟ್. ಇಡೀ ಒಡಲು ಸೆಟೆದುಕೊಂಡಿರುವುದರಿಂದ ಪರಮಾಣುಗಳ ಒಂದು ಸಾಲು ಇನ್ನೊಂದರ ಮೇಲೆ ಜಾರಲಾರದು. ಜಾರದ ಲೋಹವು ಬಾಗಲಾರದು. ಬಾಗಲಾರದ್ದು ಪೆಟ್ಟು ಬಿದ್ದರೆ ಬಿರಿಯಲೇಬೇಕು. ಇಂಗಾಲವು ನೂರಕ್ಕೆ 0.8ರಷ್ಟಿರುವ ಉಕ್ಕು ಹೀಗೆ ನೀರು ಕುಡಿದ ಮೇಲೆ ಮೊದಲಿಗಿಂತ ಸುಮಾರು ನಾಲ್ಕು ಪಟ್ಟು ಕಠಿಣವಾಗುತ್ತದೆ, ಗಾಜನ್ನು ಗೀರುತ್ತದೆ. ಆದರೆ ಗಾಜಿನಷ್ಟೇ ಪೆಡಸಾಗಿರುತ್ತದೆ. ಮೊಳೆಯು ಏಕೆ ಕಠಿಣವಾಗಲಿಲ್ಲವೆಂಬುದು ಈಗ ತಿಳಿದಿರಬೇಕು. ಸಿಕ್ಕಿಬೀಳಲು ಅದರಲ್ಲಿ ಸಾಕಷ್ಟು ಇಂಗಾಲವೇ ಇಲ್ಲ.

ಮಾತಿನಲ್ಲಿ ನಾವು ಕಠಿಣತೆಯನ್ನೂ ಬಲವನ್ನೂ ಒಂದೇ ಎಂದು ಭಾವಿಸುತ್ತೇವೆ. ಉಕ್ಕಿನ ಕೆಲಸದಲ್ಲಿ ಇದು ಅಪಾಯಕರವಾದ ತಪ್ಪು. ಗೀರನ್ನೂ ಸವೆತವನ್ನೂ ತಡೆಯುವುದು ಕಠಿಣತೆ. ಪೆಟ್ಟನ್ನು ನುಂಗಿಕೊಂಡು, ಬೇಕಾದರೆ ತುಸು ಬಾಗಿ, ಬಿರಿಯದೆ ಉಳಿಯುವುದು ಬೇರೊಂದು ಗುಣ. ಅದನ್ನು ತಾಳಿಕೆ ಎನ್ನೋಣ. ಒಂದು ಹೆಚ್ಚಿದರೆ ಸಾಮಾನ್ಯವಾಗಿ ಇನ್ನೊಂದು ಕಡಮೆಯಾಗುತ್ತದೆ. ಕಮ್ಮಾರನು ಉಳಿಯನ್ನು ಎರಡನೆಯ ಸಲ ಬಿಸಿಯಾಗಲು ಬಿಟ್ಟುದು ಇದಕ್ಕಾಗಿ. ಇನ್ನೂರು ಮುನ್ನೂರು ಡಿಗ್ರಿಗಳ ಆ ಮೆಲು ಬಿಸಿಯಲ್ಲಿ ಸಿಕ್ಕಿಬಿದ್ದ ಇಂಗಾಲದ ಪರಮಾಣುಗಳು ಅಲ್ಪಸ್ವಲ್ಪ ಕದಲಿ, ಅತಿ ಸಣ್ಣ ಕಣಗಳಾಗಿ ಹೊರಬೀಳುತ್ತವೆ. ಸೆಟೆದ ಒಡಲು ಕೊಂಚ ಸಡಿಲಿಸುತ್ತದೆ. ಕಠಿಣತೆಯಲ್ಲಿ ಒಂದಿಷ್ಟನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವ ಈ ಕ್ರಿಯೆಗೆ ಹದಗೊಳಿಸುವಿಕೆ ಎಂದು ಹೆಸರು.

ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಕಮ್ಮಾರನಿಗೆ ತಿಳಿಸಿದ್ದು ಬಣ್ಣಗಳು. ಬಿಸಿಯಾದ ಉಕ್ಕಿನ ಮೈಮೇಲೆ ಗಾಳಿಯ ಆಮ್ಲಜನಕವು ಒಂದು ತೆಳುಪೊರೆಯನ್ನು ಕಟ್ಟುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಬಿದ್ದ ಎಣ್ಣೆಯು ಬಣ್ಣಬಣ್ಣವಾಗಿ ಕಾಣುವಂತೆ ಈ ಪೊರೆಯೂ ತನ್ನ ದಪ್ಪಕ್ಕೆ ತಕ್ಕ ಬಣ್ಣವನ್ನು ತೋರುತ್ತದೆ. ಸುಮಾರು 220–230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ. ಇದು ಕ್ಷೌರದ ಕತ್ತಿಯಂಥ, ಪೆಟ್ಟು ಬೀಳದ ಹರಿತವಾದ ಸಾಧನಗಳಿಗೆ ಸಾಕು. 275ರ ಆಸುಪಾಸಿನಲ್ಲಿ ನೇರಳೆ, ಇದು ಉಳಿಗೆ. 300ರ ಹತ್ತಿರ ನೀಲಿ. ಇದು ಗರಗಸಕ್ಕೆ ಮತ್ತು ಸುರುಳಿಗೆ. ಓದುಬರಹವಿಲ್ಲದ ಮನುಷ್ಯನು ಉಷ್ಣತಾಮಾಪಕವಿಲ್ಲದೆ ಹತ್ತು ಇಪ್ಪತ್ತು ಡಿಗ್ರಿಗಳ ವ್ಯತ್ಯಾಸವನ್ನು ಹೀಗೆ ಗುರುತಿಸುತ್ತಿದ್ದನೆಂಬುದು ಸಣ್ಣ ಮಾತಲ್ಲ.

ಉಕ್ಕು ಮತ್ತು ಉಷ್ಣದ ಮಾತು ಬಂದಾಗ ನಮ್ಮ ನಾಡಿನ ಹೆಸರು ಬಾರದಿರುವುದಿಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವನ್ನು ಕಟ್ಟಿಗೆಯ ಚೂರು ಎಲೆಗಳೊಡನೆ ಮುಚ್ಚಿಟ್ಟು ಕಾಯಿಸಿ ಉಕ್ಕನ್ನು ತಯಾರಿಸುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಯುರೋಪಿನವರು ಈ ಉಕ್ಕನ್ನು ವೂಟ್ಸ್ ಎಂದು ಕರೆದರು. ಅದು ನಮ್ಮ 'ಉಕ್ಕು' ಎಂಬ ಮಾತಿನದೇ ರೂಪಾಂತರವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಇದರಲ್ಲಿ ಇಂಗಾಲವು ನೂರಕ್ಕೆ ಒಂದೂವರೆ ಪಾಲಿನ ಆಸುಪಾಸಿನಲ್ಲಿರುತ್ತಿತ್ತು. ಅಂಥ ಉಕ್ಕನ್ನು ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಯುರೋಪಿನ ಕಮ್ಮಾರರು ತಮ್ಮ ರೂಢಿಯಂತೆ ಹಾಗೆಯೇ ಕಾಯಿಸಿ ಕೈಸೋತರು. ಕಡಮೆ ಬಿಸಿಯಲ್ಲಿ, ತಾಳ್ಮೆಯಿಂದ, ಸಣ್ಣ ಪೆಟ್ಟುಗಳಿಂದ ಅದನ್ನು ಬಗ್ಗಿಸಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ ಮೈಕೇಲ್ ಫ್ಯಾರಡೆಯು 1819ರಲ್ಲಿ ವೂಟ್ಸ್ ಉಕ್ಕನ್ನು ವಿಶ್ಲೇಷಿಸಿ, ಅದರಂಥದನ್ನು ತಯಾರಿಸುವ ಹಂಬಲದಿಂದ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದನು. ಅವನ ಕೆಲವು ತೀರ್ಮಾನಗಳು ಮುಂದೆ ನಿಲ್ಲಲಿಲ್ಲ. ಆದರೂ ಬೆರಕೆಯ ಉಕ್ಕುಗಳ ಕ್ರಮಬದ್ಧವಾದ ಅಧ್ಯಯನಕ್ಕೆ ಅದೊಂದು ಮೊದಲ ಹೆಜ್ಜೆಯಾಯಿತು.

ಬೆರಕೆಯ ಅಗತ್ಯವೇನು? ಸೂಜಿಯನ್ನು ನೀರಿಗೆ ಹಾಕಿದರೆ ಅದರ ನಡುವೂ ಕ್ಷಣದಲ್ಲಿ ತಣಿಯುತ್ತದೆ. ತೊಡೆಯಷ್ಟು ದಪ್ಪನೆಯ ಯಂತ್ರದ ಅಚ್ಚನ್ನು ಹಾಕಿದರೆ ಹೊರಮೈ ತಣಿದರೂ ಒಳಗಿನ ತಿರುಳು ನಿಧಾನವಾಗಿಯೇ ಆರುತ್ತದೆ. ಹೊರಗೆ ಮಾರ್ಟೆನ್ಸೈಟ್, ಒಳಗೆ ಮೆದು ಪದರುಗಳು. ಅಷ್ಟೇ ಅಲ್ಲ, ಮಾರ್ಟೆನ್ಸೈಟ್ ಹುಟ್ಟುವಾಗ ಉಕ್ಕು ಹಿಗ್ಗುತ್ತದೆ. ಒಂದು ಭಾಗ ಮೊದಲೂ ಇನ್ನೊಂದು ಆಮೇಲೂ ಹಿಗ್ಗಿದರೆ ಒಡಲೇ ಬಿರಿಯಬಹುದು. ನೀರಿಗಿಂತ ಉಪ್ಪುನೀರು ಬೇಗ ತಣಿಸುತ್ತದೆ, ಎಣ್ಣೆ ನಿಧಾನವಾಗಿ ತಣಿಸುತ್ತದೆ. ಬಿರುಕಿನ ಭಯಕ್ಕೆ ಎಣ್ಣೆಯೇ ಒಳ್ಳೆಯದು. ಆದರೆ ಎಣ್ಣೆಯಲ್ಲಿ ಸಾದಾ ಉಕ್ಕು ಪೂರ್ತಿ ಕಠಿಣವಾಗುವುದಿಲ್ಲ. ಕ್ರೋಮಿಯಮ್, ನಿಕಲ್, ಮಾಲಿಬ್ಡಿನಮ್ ಮೊದಲಾದ ಲೋಹಗಳನ್ನು ಸ್ವಲ್ಪ ಬೆರೆಸಿದಾಗ ಪದರುಗಳು ರಚನೆಯಾಗುವ ಕ್ರಿಯೆ ತಡವಾಗುತ್ತದೆ. ಆಗ ಅವಸರವಿಲ್ಲದೆ, ಎಣ್ಣೆಯಲ್ಲಿ ಅಥವಾ ಬರಿಯ ಗಾಳಿಯಲ್ಲಿಯೇ ದಪ್ಪನೆಯ ವಸ್ತುವನ್ನು ತಿರುಳಿನವರೆಗೆ ಕಠಿಣಗೊಳಿಸಬಹುದು. 1930ರಲ್ಲಿ ಅಮೆರಿಕದ ಬೇನ್ ಮತ್ತು ಡ್ಯಾವನ್‌ಪೋರ್ಟ್ ಎಂಬುವರು ಯಾವ ಉಷ್ಣತೆಯಲ್ಲಿ ಎಷ್ಟು ಹೊತ್ತಿಗೆ ಯಾವ ರಚನೆ ಹುಟ್ಟುತ್ತದೆ ಎಂಬುದನ್ನು ನಕ್ಷೆಯಾಗಿ ಬರೆದುಕೊಟ್ಟರು. ದಾರಿಹೋಕನಿಗೆ ಊರಿನ ನಕ್ಷೆಯಿದ್ದಂತೆ ಉಕ್ಕಿನ ಕೆಲಸದವನಿಗೆ ಈ ನಕ್ಷೆ.

ಇಂಥ ವಿದ್ಯೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೇರಿದುದೆಂದು ತಿಳಿಯಬೇಡಿ. ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದರೆ ಅಲ್ಲಿ ಬಿದ್ದಿರುವ ಕಂಬಿಯ ಕತ್ತರಿಸಿದ ತುದಿಯನ್ನು ನೋಡಿರಿ. ಹಿಂದೆ ಕಾಂಕ್ರೀಟಿಗೆ ಹಾಕುವ ಕಂಬಿಯ ಬಲವನ್ನು ಹೆಚ್ಚಿಸಲು ಅದನ್ನು ತಣ್ಣಗಿರುವಾಗಲೇ ಹಗ್ಗದಂತೆ ತಿರುಚುತ್ತಿದ್ದರು. ಬಲವೇನೋ ಹೆಚ್ಚುತ್ತಿತ್ತು, ಹಿಗ್ಗಿ ಬಾಗುವ ಗುಣ ಕುಗ್ಗುತ್ತಿತ್ತು. 1970ರ ದಶಕದಲ್ಲಿ ಬೆಲ್ಜಿಯಮ್ ದೇಶದ ಸಂಶೋಧಕರು ಬೇರೊಂದು ಉಪಾಯವನ್ನು ಬಳಕೆಗೆ ತಂದರು. ಉರುಳೆಗಳ ನಡುವಿನಿಂದ ಕೆಂಪಗೆ ಕಾದು ಹೊರಬರುವ ಕಂಬಿಯು ನೀರಿನ ಜೋರಾದ ಧಾರೆಗಳ ನಡುವೆ ಕ್ಷಣಮಾತ್ರ ಹಾದುಹೋಗುತ್ತದೆ. ಹೊರಗಿನ ತೊಗಟೆಯಷ್ಟು ಭಾಗ ತಟಕ್ಕನೆ ತಣಿದು ಮಾರ್ಟೆನ್ಸೈಟ್ ಆಗುತ್ತದೆ. ತಿರುಳು ಇನ್ನೂ ಕೆಂಪಗಿರುತ್ತದೆ. ನೀರಿನಿಂದ ಹೊರಬಂದ ಮೇಲೆ ತಿರುಳಿನ ಶಾಖವು ಹೊರಕ್ಕೆ ಹರಿದು, ಪೆಡಸಾಗಿದ್ದ ತೊಗಟೆಯನ್ನು ಒಳಗಿನಿಂದಲೇ ಹದಗೊಳಿಸುತ್ತದೆ. ತಿರುಳು ಗಾಳಿಯಲ್ಲಿ ನಿಧಾನವಾಗಿ ಆರಿ ಮೆದುವಾಗಿ ಉಳಿಯುತ್ತದೆ. ಟಿ.ಎಂ.ಟಿ. ಕಂಬಿ ಎಂದು ಅಂಗಡಿಗಳಲ್ಲಿ ಮಾರುವುದು ಇದನ್ನೇ. ಅದರ ತುದಿಯನ್ನು ಉಜ್ಜಿ ಆಮ್ಲ ಸವರಿದರೆ ಹೊರಗೊಂದು ಗಾಢವಾದ ಬಳೆ, ಒಳಗೆ ತಿಳಿಯಾದ ತಿರುಳು ಸ್ಪಷ್ಟವಾಗಿ ಕಾಣುತ್ತವೆ. ನಮ್ಮ ಕಮ್ಮಾರನು ಉಳಿಯ ಹಿಂಭಾಗದ ಶಾಖವನ್ನು ಬಾಯಿಗೆ ಹರಿಯಲು ಬಿಟ್ಟುದು ನೆನಪಿಗೆ ಬರುವುದಿಲ್ಲವೆ? ಅಲ್ಲಿ ಶಾಖವು ಹಿಂದಿನಿಂದ ಮುಂದಕ್ಕೆ ಹರಿಯಿತು, ಇಲ್ಲಿ ಒಳಗಿನಿಂದ ಹೊರಕ್ಕೆ.

ಕಂಬಿಯ ಮೇಲೆ 500 ಎಂಬ ಸಂಖ್ಯೆಯನ್ನು ಅಚ್ಚೊತ್ತಿರುವುದನ್ನು ನೀವು ನೋಡಬಹುದು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಮೇಲೆ 500 ನ್ಯೂಟನ್ ಎಳೆತ ಬೀಳುವವರೆಗೆ ಅದು ಶಾಶ್ವತವಾಗಿ ಹಿಗ್ಗಿಹೋಗುವುದಿಲ್ಲ ಎಂಬುದು ಅದರ ಅರ್ಥ. ಎಂದರೆ ಅಷ್ಟು ತೆಳುವಾದ ಉಕ್ಕಿನ ಎಳೆಯೊಂದು ಸುಮಾರು 50 ಕಿಲೋಗ್ರಾಂ ತೂಕವನ್ನು ಹೊತ್ತು ನಿಂತಂತೆ. ಆ ಮಿತಿಯನ್ನು ಮೀರಿದರೂ ಕಂಬಿಯು ಒಮ್ಮೆಲೇ ತುಂಡಾಗದೆ ಹಿಗ್ಗಬೇಕು. ಭೂಕಂಪದಲ್ಲಿ ಕಟ್ಟಡವು ವಾಲಿದಾಗ ಒಳಗಿರುವವರಿಗೆ ಹೊರಗೋಡಲು ದೊರೆಯುವ ಸಮಯ ಈ ಹಿಗ್ಗುವಿಕೆಯಿಂದಲೇ ಬರುತ್ತದೆ.

ಇಲ್ಲಿಯವರೆಗೆ ಹೇಳಿದ ಉಕ್ಕುಗಳಿಗೆಲ್ಲ ಇಂಗಾಲವೇ ಕಠಿಣತೆಯ ಮೂಲ. ಆದರೆ ಇಂಗಾಲವನ್ನು ದೂರವಿಟ್ಟ ಒಂದು ಉಕ್ಕೂ ಇದೆ. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ರೂಪುಗೊಂಡ ಮರೇಜಿಂಗ್ ಉಕ್ಕು ಎಂಬ ಬಗೆಯಲ್ಲಿ ನೂರಕ್ಕೆ 18 ಪಾಲು ನಿಕಲ್, ಜೊತೆಗೆ ಕೋಬಾಲ್ಟ್, ಮಾಲಿಬ್ಡಿನಮ್ ಮತ್ತು ತುಸು ಟೈಟೇನಿಯಮ್ ಇರುತ್ತವೆ, ಇಂಗಾಲವು 0.03 ಪಾಲನ್ನೂ ಮೀರುವಂತಿಲ್ಲ. ಇದರ ಹದದ ಕ್ರಮವು ಕಮ್ಮಾರನ ಕ್ರಮಕ್ಕೆ ಪೂರ್ತಿ ವಿರುದ್ಧ. ಸುಮಾರು 820 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಇದು ಮಾರ್ಟೆನ್ಸೈಟ್ ಆಗುತ್ತದೆ. ಆದರೆ ಸಿಕ್ಕಿಬೀಳಲು ಇಂಗಾಲವಿಲ್ಲದ್ದರಿಂದ ಅದು ಮೆದುವಾದ ಮಾರ್ಟೆನ್ಸೈಟ್. ಈ ಸ್ಥಿತಿಯಲ್ಲಿಯೇ ಅದನ್ನು ಕೊರೆಯಬಹುದು, ಬಾಗಿಸಬಹುದು, ಬೆಸೆಯಬಹುದು. ಕೆಲಸವೆಲ್ಲ ಮುಗಿದ ಮೇಲೆ ಸುಮಾರು 480 ಡಿಗ್ರಿಯಲ್ಲಿ ಕೆಲವು ಗಂಟೆಗಳ ಕಾಲ ಇಡುತ್ತಾರೆ. ಸಾಧಾರಣ ಉಕ್ಕು ಈ ಬಿಸಿಯಲ್ಲಿ ಮೆದುವಾಗುತ್ತದೆ. ಇದಾದರೋ ಗಟ್ಟಿಯಾಗುತ್ತದೆ! ನಿಕಲ್ ಪರಮಾಣುಗಳು ಮಾಲಿಬ್ಡಿನಮ್ ಮತ್ತು ಟೈಟೇನಿಯಮ್ ಪರಮಾಣುಗಳೊಡನೆ ಕೂಡಿ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ ಒಡಲ ತುಂಬ ಹರಡಿಕೊಳ್ಳುತ್ತವೆ. ಜಾರಲು ಹೊರಟ ಪರಮಾಣುಗಳ ಸಾಲುಗಳಿಗೆ ಹೆಜ್ಜೆಹೆಜ್ಜೆಗೂ ಗೂಟ ನೆಟ್ಟಂತಾಗುತ್ತದೆ. ಚದರ ಮಿಲಿಮೀಟರಿಗೆ ಸುಮಾರು 1700 ನ್ಯೂಟನ್ ಎಳೆತವನ್ನು ಇದು ತಡೆಯಬಲ್ಲದು. ಕಂಬಿಯ ಮೂರು ಪಟ್ಟಿಗಿಂತಲೂ ಹೆಚ್ಚಾಯಿತು. ಆಕಾರವೂ ಹೆಚ್ಚು ಕೆಡುವುದಿಲ್ಲ.

ಭಾರತದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೊದಲ ಹಂತದ ಕವಚವು ಈ ಉಕ್ಕಿನದು. ಅದರ ವ್ಯಾಸ 2.8 ಮೀಟರ್, ಒಳಗೆ ತುಂಬುವ ಘನ ಇಂಧನ ಸುಮಾರು 139 ಟನ್. ಉರಿಯುವಾಗ ಒಳಗಿನ ಅನಿಲವು ವಾತಾವರಣದ ಒತ್ತಡದ ಹತ್ತಾರು ಪಟ್ಟು ರಭಸದಿಂದ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಗೋಡೆಯನ್ನು ದಪ್ಪ ಮಾಡಿದರೆ ತೂಕ ಹೆಚ್ಚಿ ಉಪಗ್ರಹಕ್ಕೆ ಸ್ಥಳವಿಲ್ಲದಂತಾಗುತ್ತದೆ. ಆದುದರಿಂದ ಅದು ಒಂದು ಸೆಂಟಿಮೀಟರಿಗಿಂತಲೂ ತೆಳುವಾಗಿರುತ್ತದೆ. ಈ ಉಕ್ಕನ್ನು ತಯಾರಿಸುವ ವಿದ್ಯೆಯನ್ನು ಹೈದರಾಬಾದಿನ ಮಿಶ್ರ ಧಾತು ನಿಗಮವು ನಮ್ಮಲ್ಲಿಯೇ ಸಾಧಿಸಿತು. 1994ರ ಅಕ್ಟೋಬರ್ 15ರಂದು ಶ್ರೀಹರಿಕೋಟೆಯಿಂದ ಏರಿದ ಈ ರಾಕೆಟ್ಟು ಮೊದಲ ಸಲ ಯಶಸ್ವಿಯಾಗಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಇಷ್ಟು ಬಲವಾದ ಉಕ್ಕೂ ಮರುಕವಿಲ್ಲದ್ದು ಎಂಬುದನ್ನು ಮರೆಯಬಾರದು. 1965ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಇಂಥದೇ ಉಕ್ಕಿನ, 260 ಅಂಗುಲ ವ್ಯಾಸದ ರಾಕೆಟ್ ಕವಚವೊಂದನ್ನು ಪರೀಕ್ಷಿಸುತ್ತಿದ್ದರು. ನೀರು ತುಂಬಿ ಒತ್ತಡವನ್ನು ಮೆಲ್ಲನೆ ಏರಿಸುತ್ತ ಹೋದರು. ಗೊತ್ತುಪಡಿಸಿದ ಒತ್ತಡದ ಅರ್ಧವನ್ನು ತುಸು ದಾಟಿದ್ದಷ್ಟೆ. ಕವಚವು ಹಲವು ತುಂಡುಗಳಾಗಿ ಒಡೆದುಹೋಯಿತು. ಹುಡುಕಿ ನೋಡಿದಾಗ ಬೆಸುಗೆಯೊಂದರ ಒಳಗೆ ಮೊದಲೇ ಅಡಗಿದ್ದ ಚಿಕ್ಕ ದೋಷವೇ ಕಾರಣವೆಂದು ತಿಳಿಯಿತು. ಮೆದುವಾದ ಉಕ್ಕಾಗಿದ್ದರೆ ದೋಷದ ಸುತ್ತ ತುಸು ಹಿಗ್ಗಿ ಅದನ್ನು ಸಹಿಸಿಕೊಳ್ಳುತ್ತಿತ್ತೇನೋ. ಬಲ ಹೆಚ್ಚಿದಂತೆಲ್ಲ ಉಕ್ಕು ಕ್ಷಮಿಸುವ ಬಿರುಕಿನ ಅಳತೆ ಚಿಕ್ಕದಾಗುತ್ತ ಹೋಗುತ್ತದೆ.

ಈ ಕಾರಣದಿಂದಲೇ ಇಂಥ ಕವಚವನ್ನು ಹದದ ಕುಲುಮೆಗೆ ಕಳುಹಿಸುವಾಗ ಅದೇ ಉಕ್ಕಿನ, ಅದೇ ಬೆಸುಗೆಯ ಕೆಲವು ಪುಟ್ಟ ಪಟ್ಟಿಗಳನ್ನೂ ಜೊತೆಯಲ್ಲಿಡುತ್ತಾರೆ. ಕವಚವು ಕಂಡಷ್ಟೇ ಬಿಸಿಯನ್ನು ಅವೂ ಅಷ್ಟೇ ಹೊತ್ತು ಕಾಣುತ್ತವೆ. ಕುಲುಮೆಯಿಂದ ಹೊರಬಂದ ಮೇಲೆ ಆ ಪಟ್ಟಿಗಳನ್ನು ಯಂತ್ರಕ್ಕೆ ಸಿಕ್ಕಿಸಿ ತುಂಡಾಗುವವರೆಗೆ ಎಳೆಯುತ್ತಾರೆ. ತುಂಡಾದ ಮೈಯನ್ನು, ಹಿಂದೆ ಚೆರ್ನೋವನು ನೋಡಿದಂತೆ, ಹರಳು ದಪ್ಪವಾಗಿದೆಯೋ ನಯವಾಗಿದೆಯೋ ಎಂದು ಪರೀಕ್ಷಿಸುತ್ತಾರೆ. ಪಟ್ಟಿಯು ಮುರಿದ ಎಳೆತದ ಅಳತೆ ಸರಿಯಾಗಿದ್ದರೆ ಮಾತ್ರ ಕವಚವು ಇಂಧನ ತುಂಬುವ ಮನೆಯತ್ತ ಹೊರಡುತ್ತದೆ.